ಚಂಡಮಾರುತ ಬರುತ್ತಿದೆ, ಮೆಕ್ಕೆಜೋಳ ಕಣದಲ್ಲಿದೆ: ರಾಶಿ ಉಳಿಸಿಕೊಳ್ಳುವುದು ಹೇಗೆ?

ದಾವಣಗೆರೆಯಿಂದ ನೇರ ಗೆರೆ ಎಳೆದರೆ ಹೊನ್ನಾವರದ ಕಡಲು ಸುಮಾರು 160 ಕಿಲೋಮೀಟರ್. ಆ ಕಡೆ ಚೆನ್ನೈ ಸುಮಾರು 500. ಹಾಗಾಗಿ ಟಿ.ವಿ.ಯಲ್ಲಿ ಚಂಡಮಾರುತದ ಸುದ್ದಿ ಬಂದಾಗ ನಾವು ಅದನ್ನು ದಡದವರ ಕಷ್ಟ ಅಂತ ನೋಡುತ್ತೇವೆ. ಅಲ್ಲಿ ಮೀನುಗಾರರು ದೋಣಿ ಎಳೆದು ಕಟ್ಟುತ್ತಾರೆ. ಜನ ಕಿಟಕಿ ಭದ್ರ ಮಾಡಿ, ನೀರು ತುಂಬಿಟ್ಟುಕೊಂಡು ಕಾಯುತ್ತಾರೆ. ಅದೇ ಹೊತ್ತಿಗೆ ಜಗಳೂರು, ಹರಿಹರ, ಭರಮಸಾಗರ, ಹೊಳಲ್ಕೆರೆ ಕಡೆ ಕಣದ ತುಂಬ ಮೆಕ್ಕೆಜೋಳ ಹರವಿರುತ್ತದೆ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಜಾಸ್ತಿ ಏಳುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಮುಂಗಾರಿನ ಮೆಕ್ಕೆಜೋಳ ಕಣಕ್ಕೆ ಬರುವುದೂ ಆಗಲೇ. ಕಾಯುವ ಸರದಿ ನಮ್ಮದೂ ಹೌದು.

ಕಾಯುವ ರೀತಿಯಲ್ಲೇ ಜನ ಎಡವುತ್ತಾರೆ. ಹನಿ ಬಿದ್ದ ಮೇಲೆ ಓಡಿ ಬಂದು ತಾಡಪತ್ರಿ ಎಳೆಯುತ್ತಾರೆ, ನಾಲ್ಕು ಕಲ್ಲು ಹೇರುತ್ತಾರೆ, ಮೂರನೇ ದಿನ ತೆಗೆಯುತ್ತಾರೆ. ಒಳಗಿಂದ ಬಿಸಿ ಹಬೆ ಏಳುತ್ತದೆ, ತಳದ ಕಾಳು ಮೊಳಕೆ ಒಡೆದಿರುತ್ತದೆ. ಮಳೆ ಹಾಳು ಮಾಡಿತು ಅನ್ನುತ್ತಾರೆ. ಮೇಲಿಂದ ಬಿದ್ದ ಮಳೆಗೆ ಕೆಟ್ಟ ರಾಶಿ ಕಡಿಮೆ. ತಳದಿಂದ ನುಗ್ಗಿದ ನೀರಿಗೆ, ಒಳಗೇ ಬೆವತ ತೇವಕ್ಕೆ ಕೆಟ್ಟದ್ದೇ ಜಾಸ್ತಿ. ಇವೆರಡನ್ನೂ ಬಿಸಿಲಿದ್ದಾಗಲೇ ತಡೆಯಬೇಕು.

ಮೊದಲು ಮುನ್ಸೂಚನೆ ಓದಿ

ಹವಾಮಾನ ಇಲಾಖೆ ಕರಾವಳಿಗೆ ನಾಲ್ಕು ಹಂತದಲ್ಲಿ ಎಚ್ಚರಿಕೆ ಕೊಡುತ್ತದೆ. ಮೊದಲನೆಯದು 72 ಗಂಟೆ ಮುಂಚೆ, ಎರಡನೆಯದು 48 ಗಂಟೆ ಮುಂಚೆ, ಮೂರನೆಯದು 24 ಗಂಟೆ ಮುಂಚೆ. ನಾಲ್ಕನೆಯದು ದಡ ಮುಟ್ಟಲು 12 ಗಂಟೆ ಇರುವಾಗ. ದಡ ದಾಟಿದ ಮೇಲೆ ಎತ್ತ ತಿರುಗುತ್ತದೆ, ಒಳನಾಡಿನಲ್ಲಿ ಏನಾಗಬಹುದು ಅಂತ ಹೇಳುವುದು ಈ ನಾಲ್ಕನೆಯದು. ನಮಗೆ ಬೇಕಾದ ಮಾಹಿತಿ ಇರುವುದು ಅದರಲ್ಲೇ. ಆದರೆ ಅದು ಬರುವವರೆಗೆ ಕೈಕಟ್ಟಿ ಕೂತರೆ ಆಳೂ ಸಿಗುವುದಿಲ್ಲ, ತಾಡಪತ್ರಿಯೂ ಸಿಗುವುದಿಲ್ಲ. 72 ಗಂಟೆಯ ಸುದ್ದಿಗೇ ಕೆಲಸ ಶುರು ಮಾಡಿ.

ಹೆಸರು ಇಟ್ಟಿಲ್ಲ, ಹಾಗಾಗಿ ಇದು ಸಣ್ಣದು ಅಂತ ಬಿಡಬೇಡಿ. ಗಾಳಿ ಗಂಟೆಗೆ 62 ಕಿ.ಮೀ. ಮುಟ್ಟಿದರೆ ಮಾತ್ರ ಹೆಸರು. ಅದಕ್ಕಿಂತ ಕೆಳಗಿನ ವಾಯುಭಾರ ಕುಸಿತವೂ ಎರಡು ಮೂರು ದಿನ ಜಿಟಿಜಿಟಿ ಮಳೆ ಸುರಿಸಬಲ್ಲದು. ಕಣಕ್ಕೆ ಅದು ಜೋರು ಮಳೆಗಿಂತ ಕೆಟ್ಟದ್ದು. ದಡ ಹತ್ತಿದ ಮೇಲೆ ಬಿಸಿ ಸಮುದ್ರದ ಆವಿ ಸಿಗದೆ ಚಂಡಮಾರುತದ ಗಾಳಿ ಬೇಗ ಇಳಿಯುತ್ತದೆ. ಮೋಡ ಮಾತ್ರ ಒಳನಾಡಿಗೆ ನಡೆದು ಬರುತ್ತದೆ.

ನಕ್ಷೆಯಲ್ಲಿ ಮುಂದೆ ಹೋದಂತೆ ಅಗಲವಾಗುವ ಒಂದು ಪಟ್ಟಿ ಇರುತ್ತದಲ್ಲ, ಅದು ಮಳೆ ಬೀಳುವ ಜಾಗ ಅಲ್ಲ. ಚಂಡಮಾರುತದ ನಡುಬಿಂದು ಆ ಪಟ್ಟಿಯೊಳಗೆ ಎಲ್ಲಾದರೂ ಸಾಗಬಹುದು ಅಂತ ಅರ್ಥ. ಮಳೆ ಅದರಾಚೆ ನೂರಾರು ಕಿಲೋಮೀಟರ್ ಹರಡುತ್ತದೆ. ‘ಪಟ್ಟಿ ಚೆನ್ನೈ ಮೇಲಿದೆ, ನಮಗೇನೂ ಇಲ್ಲ’ ಅನ್ನುವ ಮಾತು ಪ್ರತಿ ಸಲ ಕೇಳುತ್ತೇನೆ. 2024ರ ನವೆಂಬರ್ 30ರಂದು ಫೆಂಜಲ್ ಪುದುಚೇರಿ ಬಳಿ ದಡ ಹತ್ತಿ, ಅಲ್ಲೇ ಗಂಟೆಗಟ್ಟಲೆ ಅಲುಗಾಡದೆ ನಿಂತು ಆ ಊರಿಗೆ 40 ಸೆಂ.ಮೀ.ಗೂ ಮೀರಿ ಮಳೆ ಸುರಿಸಿತು. ಆಮೇಲೆ ಅದರ ಉಳಿಕೆ ಪಶ್ಚಿಮಕ್ಕೆ ಹೊರಟು ಡಿಸೆಂಬರ್ ಮೊದಲ ವಾರ ಕರ್ನಾಟಕಕ್ಕೂ ಮಳೆ ತಂದಿತು. ಚಂಡಮಾರುತ ನಿಂತರೆ ನಮ್ಮ ಲೆಕ್ಕವೂ ಒಂದು ದಿನ ಮುಂದೆ ಹೋಗುತ್ತದೆ. ಅದಕ್ಕೇ ಬೆಳಗ್ಗೆ ಸಂಜೆ ಎರಡು ಸಲ ಹೊಸ ಮುನ್ಸೂಚನೆ ನೋಡಿ.

ಎಲ್ಲಿ ನೋಡುವುದು? ಮೌಸಮ್, ಮೇಘದೂತ್ ಆ್ಯಪ್ ಸಾಕು. ಸಿಡಿಲಿಗೆ ದಾಮಿನಿ. ಫೋನ್ ಮಾಡಿ ಕೇಳುವವರಿಗೆ ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿ ಇದೆ. ವಾಟ್ಸ್‌ಆ್ಯಪ್‌ನಲ್ಲಿ ಬರುವ ಉಪಗ್ರಹ ಚಿತ್ರ ಎಷ್ಟೋ ಸಲ ಹಳೇ ಚಂಡಮಾರುತದ್ದಾಗಿರುತ್ತದೆ. ದಿನಾಂಕ ಇಲ್ಲದ ಚಿತ್ರವನ್ನು ನಂಬಲೇಬೇಡಿ.

ಇನ್ನೊಂದು ಮಾತು. ಚಂಡಮಾರುತ ದೂರ ಇದ್ದಾಗ ಅದರ ಅಂಚಿನಾಚೆ ಆಕಾಶ ತಿಳಿಯಾಗಿ, ಬಿಸಿಲು ಚುರುಗುಟ್ಟುವುದುಂಟು. ಆ ಬಿಸಿಲು ನೋಡಿ ಇನ್ನಷ್ಟು ಜೋಳ ಹರವಬೇಡಿ.

ಒಕ್ಕಣೆ ನಿಲ್ಲಿಸಿ

ಸುದ್ದಿ ಬಂದ ಕೂಡಲೇ ಒಕ್ಕಣೆ ಮಷಿನ್‌ಗೆ ಫೋನ್ ಮಾಡುವವರು ಬಹಳ. ಇದು ತಪ್ಪು. ಹಸಿ ತೆನೆ ಒಕ್ಕಿದರೆ ಕಾಳು ಒಡೆಯುತ್ತದೆ, ಒಡೆದ ಕಾಳಿಗೆ ಬೂಸ್ಟು ಮೊದಲು ಹತ್ತುತ್ತದೆ. ತೆನೆಯ ರಾಶಿಯಲ್ಲಿ ಗಾಳಿ ಆಡುತ್ತದೆ, ಕಾಳಿನ ರಾಶಿಯಲ್ಲಿ ಆಡುವುದಿಲ್ಲ. ತೆನೆ ತೆನೆಯಾಗಿಯೇ ಇರಲಿ.

ಹೊಲದಲ್ಲಿ ನಿಂತ ಬೆಳೆಗೂ ಇದೇ ಮಾತು. ಬಲಿತ ತೆನೆ ಸಿಪ್ಪೆ ಸಮೇತ ಕೆಳಕ್ಕೆ ಬಾಗಿದ್ದರೆ ನೀರು ಜಾರಿ ಹೋಗುತ್ತದೆ. ಕೊನೆಯ 24 ಗಂಟೆಯಲ್ಲಿ ಗಡಿಬಿಡಿಯಿಂದ ಮುರಿದು ಕಣಕ್ಕೆ ಸುರಿಯುವುದಕ್ಕಿಂತ ದಂಟಿನ ಮೇಲೇ ಇರುವುದು ಮೇಲು. ಗಾಳಿಗೆ ಒರಗಿ ನೆಲ ಮುಟ್ಟಿದ ಗಿಡದ ತೆನೆಯನ್ನು ಮಾತ್ರ ಮುರಿದು ತನ್ನಿ.

ತೇವ ನೋಡಿ, ಎರಡು ಪಾಲು ಮಾಡಿ

ಬೆಂಬಲ ಬೆಲೆಯ ಖರೀದಿಗೆ ತೇವ ಶೇ 14 ಮೀರಬಾರದು. ತೇವ ಅಳೆಯುವ ಮಷಿನ್ ಇಲ್ಲದಿದ್ದರೆ ಉಪ್ಪಿನ ಪರೀಕ್ಷೆ ಮಾಡಿ. ಪುಡಿ ಉಪ್ಪನ್ನು ಬಾಣಲೆಯಲ್ಲಿ ಬಿಸಿ ಮಾಡಿ ಆರಿಸಿ. ಒಣ ಗಾಜಿನ ಬಾಟಲಿಗೆ ಕಾಲು ಭಾಗ ಜೋಳ, ಎರಡು ಮೂರು ಚಮಚ ಉಪ್ಪು ಹಾಕಿ, ಮುಚ್ಚಿ ಚೆನ್ನಾಗಿ ಕುಲುಕಿ, ಕಾಲು ಗಂಟೆ ಬಿಡಿ. ಉಪ್ಪು ಗಾಜಿಗೆ ಅಂಟಿಕೊಂಡರೆ ತೇವ ಶೇ 15ಕ್ಕಿಂತ ಜಾಸ್ತಿ. ಅಂಟದೆ ತಳಕ್ಕೆ ಉದುರಿದರೆ ಕಡಿಮೆ. ಹಲ್ಲಲ್ಲಿ ಕಚ್ಚಿ ನೋಡುವುದು ಅನುಭವಸ್ಥರಿಗೆ ಸರಿ, ಎಲ್ಲರಿಗೂ ಅಲ್ಲ.

ಒಣ ಕಾಳನ್ನು ಚೀಲಕ್ಕೆ ತುಂಬಿ ಮನೆಯೊಳಗೆ ಸಾಗಿಸಿ. ಮರದ ಹಲಗೆ ಅಥವಾ ಇಟ್ಟಿಗೆ ಮೇಲಿನ ದಬ್ಬೆಗಳ ಮೇಲೆ, ಗೋಡೆಯಿಂದ ಒಂದು ಮೊಳ ಬಿಟ್ಟು ಪೇರಿಸಿ. ಹಸಿ ಕಾಳನ್ನು ಇದರ ಜೊತೆ ಬೆರೆಸಲೇಬೇಡಿ. ‘ಒಣಗಿದ್ದು ಹಸಿಯದ್ದನ್ನ ಎಳಕೊಳ್ಳುತ್ತೆ’ ಅನ್ನುವ ಉಪಾಯದಿಂದ ಎರಡೂ ಹಾಳಾಗುತ್ತವೆ.

ಹೊರಗೆ ಉಳಿಯುವ ರಾಶಿ: ನಿಧಾನವಾಗಿ ಮಾಡಬೇಕಾದ ಕೆಲಸ

ಜಾಗ ಮೊದಲು. ಕಣದ ಎತ್ತರದ ಭಾಗ ಯಾವುದು ಅಂತ ಕಣ್ಣಂದಾಜು ಬೇಡ. ಒಂದು ಕೊಡ ನೀರು ಸುರಿದು ನೋಡಿ, ಎತ್ತ ಹರಿಯುತ್ತದೆ ಗೊತ್ತಾಗುತ್ತದೆ. ನೀರು ಹರಿದು ಬರುವ ದಾರಿಯಲ್ಲಿ ರಾಶಿ ಬೇಡ. ರಾಷ್ಟ್ರೀಯ ಹೆದ್ದಾರಿ 48ರ ಸರ್ವಿಸ್ ರಸ್ತೆಯಲ್ಲಂತೂ ಬೇಡವೇ ಬೇಡ. ಡಾಂಬರಿನ ಮೇಲೆ ನೀರು ಇಂಗುವುದಿಲ್ಲ, ನೇರ ರಾಶಿಯ ತಳಕ್ಕೆ ನುಗ್ಗುತ್ತದೆ. ಕತ್ತಲಲ್ಲಿ ಬೈಕಿನವರ ಜೀವಕ್ಕೂ ಅಪಾಯ.

ರಾಶಿಯ ಸುತ್ತ ಒಂದು ಗೇಣು ಆಳದ ಕಾಲುವೆ ತೋಡಿ. ಇದನ್ನು ಎಲ್ಲರೂ ಮಾಡುತ್ತಾರೆ. ಆದರೆ ಆ ಕಾಲುವೆಗೆ ಹೊರದಾರಿ ತೋಡುವುದನ್ನು ಮರೆಯುತ್ತಾರೆ. ನಾಲ್ಕೂ ಕಡೆ ಮುಚ್ಚಿದ ಕಾಲುವೆಯಲ್ಲಿ ನೀರು ನಿಂತು ರಾಶಿಯ ಕೆಳಗೇ ಇಂಗುತ್ತದೆ. ತಗ್ಗಿನ ಕಡೆ ಬಾಯಿ ಬಿಡಿಸಿ, ಹತ್ತು ಹೆಜ್ಜೆ ಆಚೆವರೆಗೆ ಹರಿಯುವಂತೆ ಮಾಡಿ.

ತಳಕ್ಕೆ ಮೆಕ್ಕೆಜೋಳದ ದಿಂಡು ಅಥವಾ ಭತ್ತದ ಹುಲ್ಲು, ಕಾಲಿಟ್ಟರೆ ಪಾದ ಮುಳುಗುವಷ್ಟು ದಪ್ಪ ಹಾಸಿ. ಅದರ ಮೇಲೆ ತಳದ ತಾಡಪತ್ರಿ, ಅದರ ಮೇಲೆ ಜೋಳ. ರಾಶಿಯನ್ನು ಗುಂಡಗೆ ಮಾಡಬೇಡಿ. ಉದ್ದಕ್ಕೆ, ಹೆಂಚಿನ ಮನೆಯ ಮಾಡಿನ ಹಾಗೆ ಎರಡು ಕಡೆ ಇಳಿಜಾರಾಗಿ ಮಾಡಿ. ಎತ್ತರ ಸೊಂಟದಷ್ಟು ಸಾಕು. ಎತ್ತರ ಜಾಸ್ತಿಯಾದಷ್ಟೂ ಒಳಗಿನ ಬಿಸಿ ಹೊರಗೆ ಬರುವುದಿಲ್ಲ.

ರಾಶಿಯ ದಿಕ್ಕನ್ನು ಯಾರೂ ಯೋಚಿಸುವುದೇ ಇಲ್ಲ. ನಮ್ಮ ಗೋಲಾರ್ಧದಲ್ಲಿ ಚಂಡಮಾರುತದ ಗಾಳಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ. ತಮಿಳುನಾಡಿನ ಕಡೆಯಿಂದ ಅದು ಬರುವಾಗ ನಮಗೆ ಆಗ್ನೇಯಕ್ಕೆ ಇರುತ್ತದೆ. ಆಗ ನಮ್ಮಲ್ಲಿ ಗಾಳಿ ಈಶಾನ್ಯದಿಂದ ಬೀಸುತ್ತದೆ. ಹಾಗಾಗಿ ರಾಶಿಯ ಕಿರಿದಾದ ತುದಿ ಈಶಾನ್ಯಕ್ಕೆ ಇರಲಿ, ಎರಡು ತಾಡಪತ್ರಿ ಸೇರುವ ಮಡಿಕೆಯ ಬಾಯಿ ನೈಋತ್ಯಕ್ಕೆ ಇರಲಿ. 2021ರ ಮೇ ತಿಂಗಳ ತೌಕ್ತೆಯಂತೆ ಅರಬ್ಬಿ ಸಮುದ್ರದಲ್ಲಿ ಕರಾವಳಿ ಉದ್ದಕ್ಕೂ ಉತ್ತರಕ್ಕೆ ಸಾಗುವಂಥದ್ದಾದರೆ ಲೆಕ್ಕ ಬೇರೆ. ಅದು ನಮ್ಮ ಪಶ್ಚಿಮಕ್ಕೆ ಬಂದಾಗ ಗಾಳಿ ದಕ್ಷಿಣದಿಂದ. ಮಡಿಕೆಯ ಬಾಯಿ ಉತ್ತರಕ್ಕೆ ತಿರುಗಿಸಿ.

ಈಗ ಹೊದಿಕೆ. ತಾಡಪತ್ರಿಯನ್ನು ನೇರ ಕಾಳಿನ ಮೇಲೆ ಎಳೆಯಬೇಡಿ. ಮೊದಲು ಒಣ ಗೋಣಿತಾಟು ಹೊದಿಸಿ. ಕಾಳು ಬಿಡುವ ಆವಿ ತಾಡಪತ್ರಿಯ ಒಳಮೈಗೆ ತಾಗಿ ಹನಿಯಾಗುತ್ತದೆ. ಗೋಣಿ ಆ ಹನಿ ಹೀರುತ್ತದೆ, ಇಲ್ಲದಿದ್ದರೆ ಅದು ಕಾಳಿಗೇ ಇಳಿಯುತ್ತದೆ. ರಾಶಿಯ ನೆತ್ತಿ ಉದ್ದಕ್ಕೂ ಒಂದು ಬಿದಿರು ಎತ್ತಿ ಕಟ್ಟಿದರೆ ತಾಡಪತ್ರಿಗೂ ಗೋಣಿಗೂ ನಡುವೆ ಗಾಳಿಗೆ ಜಾಗ ಸಿಗುತ್ತದೆ.

ಎಲ್ಲಕ್ಕಿಂತ ಜಾಸ್ತಿ ಆಗುವ ತಪ್ಪು ಅಂಚಿನಲ್ಲಿ. ಬಗ್ಗಿ ಕೂತು ನೋಡಿ. ತಳದ ತಾಡಪತ್ರಿ ದೊಡ್ಡದು, ಮೇಲಿನದು ಚಿಕ್ಕದು. ಮೇಲಿನ ಅಂಚಿನಿಂದ ಇಳಿದ ನೀರು ತಳದ ತಾಡಪತ್ರಿಯ ಮೇಲೇ ಬೀಳುತ್ತದೆ. ಅಲ್ಲಿಂದ ಆಚೆ ಹೋಗಲು ದಾರಿಯಿಲ್ಲ, ಸೀದಾ ರಾಶಿಯ ಬುಡಕ್ಕೆ ಹರಿಯುತ್ತದೆ. ಮೇಲೆ ಒಂದು ತೂತೂ ಇಲ್ಲದಿದ್ದರೂ ಕೆಳಗಿನ ಕಾಳೆಲ್ಲ ನೆನೆದು ಕೂತಿರುತ್ತದೆ. ತಳದ ತಾಡಪತ್ರಿಯ ಅಂಚನ್ನು ನಾಲ್ಕೂ ಕಡೆ ಮೇಲಕ್ಕೆ ಮಡಚಿ ರಾಶಿಗೆ ಒತ್ತಿ. ಮೇಲಿನ ತಾಡಪತ್ರಿ ಅದರ ಹೊರಗಿನಿಂದ ಇಳಿದು, ನೆಲ ಮುಟ್ಟಿ, ಕಾಲುವೆಯೊಳಗೆ ಅಂಚು ಬಿಡಬೇಕು. ಇದಿಷ್ಟು ಸರಿಯಾದರೆ ಅರ್ಧ ಕೆಲಸ ಗೆದ್ದಂತೆ.

ಚೂಪುಕಲ್ಲು ಹೇರಬೇಡಿ, ಗಾಳಿಗೆ ಉಜ್ಜಿ ತೂತು ಬೀಳುತ್ತದೆ. ಮರಳು ತುಂಬಿದ ಸಣ್ಣ ಚೀಲಗಳನ್ನು ಹಗ್ಗದ ಎರಡು ತುದಿಗೆ ಕಟ್ಟಿ ರಾಶಿಯ ಅಡ್ಡಕ್ಕೆ ಇಳಿಬಿಡಿ. ಹಳೇ ಬೈಕ್ ಟೈರ್ ಕೂಡ ಒಳ್ಳೆಯದು.

ತಾಡಪತ್ರಿ ಕೊಳ್ಳುವ ವಿಷಯದಲ್ಲಿ ನನ್ನದು ಒಂದೇ ಮಾತು: ತೂಕ ನೋಡಿ ಕೊಳ್ಳಿ. ಸಂತೆಯಲ್ಲಿ ಸಿಗುವ ತೆಳು ನೀಲಿ ಹಾಳೆ ಒಂದು ಬೇಸಿಗೆಯ ಬಿಸಿಲಿಗೇ ಪುಡಿಯಾಗುತ್ತದೆ. ಎರಡು ತೆಳುವಿನದ್ದಕ್ಕಿಂತ ಒಂದು ದಪ್ಪದ್ದು ಮೇಲು. ಸಹಾಯಧನದ ತಾಡಪತ್ರಿಗೆ ರೈತ ಸಂಪರ್ಕ ಕೇಂದ್ರದಲ್ಲಿ ಮಳೆಗಾಲದಲ್ಲೇ ವಿಚಾರಿಸಿ. ಹಳೆಯದಿದ್ದರೆ ಬಿಸಿಲಿಗೆ ಎತ್ತಿ ಹಿಡಿದು ಕೆಳಗೆ ನಿಂತು ನೋಡಿ. ಚುಕ್ಕಿ ಬೆಳಕು ಕಂಡ ಕಡೆಯೆಲ್ಲ ಎರಡೂ ಬದಿಗೆ ಟೇಪ್ ಹಚ್ಚಿ.

ಮಳೆ ಶುರುವಾದ ಮೇಲೆ

ಮುಚ್ಚಿ ಮನೆಗೆ ಹೋಗಿ ಮಲಗುವ ಹಾಗಿಲ್ಲ. ಮಳೆ ಬಿಡುವು ಕೊಟ್ಟಾಗಲೆಲ್ಲ, ಅರ್ಧ ಗಂಟೆಯಾದರೂ ಸರಿ, ಗಾಳಿ ಬೀಸದ ಕಡೆಯ ತುದಿ ಎತ್ತಿ ಬಿಡಿ. ಒಂದು ಕಬ್ಬಿಣದ ಸರಳನ್ನು ರಾಶಿಯ ನಡುವಿಗೆ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಎಳೆದು ತುದಿ ಮುಟ್ಟಿ ನೋಡಿ. ತಣ್ಣಗಿದ್ದರೆ ಸರಿ. ಬೆಚ್ಚಗಿದ್ದರೆ ರಾಶಿ ತಿರುವಿ ಹಾಕಬೇಕು, ಆಗಲೇ. ಹುಳಿ ವಾಸನೆ ಬಂದರೆ ತಡವಾಗಿದೆ ಅಂತ ಲೆಕ್ಕ. ಆ ಭಾಗವನ್ನು ಬೇರೆ ಮಾಡಿ, ಉಳಿದದ್ದನ್ನು ಉಳಿಸಿಕೊಳ್ಳಿ. ಗುಡುಗು ಇರುವಾಗ ಸರಳು ಹಿಡಿದು ಕಣದಲ್ಲಿ ನಿಲ್ಲಬೇಡಿ.

ಮಳೆ ಹೋದ ಮೇಲೆ

ಎರಡು ಬೆರಳು ದಪ್ಪಕ್ಕೆ ಹರವಿ, ಗಂಟೆಗೊಮ್ಮೆ ಕಾಲಾಡಿಸಿ.

ಬೂಸ್ಟು ಹಿಡಿದದ್ದನ್ನು ‘ದನಕ್ಕಾಗುತ್ತೆ, ಕೋಳಿಗಾಗುತ್ತೆ’ ಅಂತ ಎತ್ತಿಡುವ ಅಭ್ಯಾಸ ದಯವಿಟ್ಟು ಬಿಡಿ. ಮೆಕ್ಕೆಜೋಳದ ಹಸಿರು-ಹಳದಿ ಬೂಸ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಅದು ಯಕೃತ್ತಿಗೆ ಕುತ್ತು. ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಹಸು ತಿಂದರೆ ಹಾಲಿನಲ್ಲೂ ಬರುತ್ತದೆ, ಆ ಹಾಲನ್ನು ನಮ್ಮ ಮಕ್ಕಳೇ ಕುಡಿಯುವುದು. ದುಡ್ಡು ಹೋಯಿತು ಅಂತ ಹೊಟ್ಟೆ ಉರಿಯುತ್ತದೆ ನಿಜ. ಆದರೂ ಗುಂಡಿ ತೋಡಿ ಹೂಳಿ.

ಬೆಳೆ ವಿಮೆ ಕಟ್ಟಿದವರು ಹಾನಿಯಾದ 72 ಗಂಟೆಯೊಳಗೆ ದೂರು ಕೊಡಬೇಕು. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಕೊಯ್ಲಿನ ನಂತರದ ನಷ್ಟಕ್ಕೂ ಅವಕಾಶ ಇದೆ. ಕೊಯ್ದು ಹೊಲದಲ್ಲೇ ಒಣಗಲು ಹರವಿದ ಅಥವಾ ಸಣ್ಣ ಕಟ್ಟು ಕಟ್ಟಿಟ್ಟ ಬೆಳೆ, ಕೊಯ್ದ 14 ದಿನದೊಳಗೆ ಚಂಡಮಾರುತಕ್ಕೆ, ಅದರ ಮಳೆಗೆ, ಅಕಾಲಿಕ ಮಳೆಗೆ ಅಥವಾ ಆಲಿಕಲ್ಲಿಗೆ ಹಾಳಾದರೆ ಮಾತ್ರ. ಮನೆ ಮುಂದಿನ ಕಣದಲ್ಲಿ ಒಕ್ಕಿ ಗುಡ್ಡೆ ಹಾಕಿದ ಕಾಳಿಗೆ ಇದು ಬರುವುದಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಜನ ಕಚೇರಿಗೆ ಅಲೆದು ಸುಮ್ನೆ ವಾಪಸ್ ಬರುತ್ತಾರೆ. ಹೊಲದಲ್ಲಿದ್ದ ತೆನೆ ನೆನೆದಿದ್ದರೆ ಅದನ್ನು ಎತ್ತುವ ಮೊದಲೇ ಫೋಟೊ ತೆಗೆದು, 14447ಕ್ಕೆ ಫೋನ್ ಮಾಡಿ, ಸರ್ವೆ ನಂಬರ್ ಮತ್ತು ಕೊಯ್ದ ದಿನಾಂಕ ಹೇಳಿ, ಅವರು ಕೊಡುವ ದೂರಿನ ಸಂಖ್ಯೆಯನ್ನು ವಿಮೆ ರಸೀದಿಯ ಹಿಂದೆಯೇ ಬರೆದಿಟ್ಟುಕೊಳ್ಳಿ.