ಮೊದಲ ಮೂರು ತಿಂಗಳು: ಲೆಕ್ಕ, ಮಾತ್ರೆ, ಮೊದಲ ತಪಾಸಣೆ

ಬಸಿರಿನ ವಾರಗಳನ್ನು ಎಣಿಸುವುದು ಗರ್ಭ ಕಟ್ಟಿದ ದಿನದಿಂದಲ್ಲ, ಕೊನೆಯ ಮುಟ್ಟಿನ ಮೊದಲ ದಿನದಿಂದ. ಮುಟ್ಟು ತಪ್ಪಿ ಪರೀಕ್ಷೆಯಲ್ಲಿ ಎರಡು ಗೆರೆ ಮೂಡುವಷ್ಟರಲ್ಲೇ ನಾಲ್ಕು ವಾರ ಕಳೆದಿರುತ್ತದೆ. ಕೊನೆಯ ಮುಟ್ಟು ಶುರುವಾದ ತಾರೀಖನ್ನು ಬರೆದಿಡಿ. ವೈದ್ಯರ ಮೊದಲ ಪ್ರಶ್ನೆ ಅದೇ.

ಆರನೇ ವಾರದ ಹೊತ್ತಿಗೆ ಮಗುವಿನ ಮೆದುಳು, ಬೆನ್ನುಹುರಿಯಾಗುವ ನರನಾಳ ಮುಚ್ಚಿಕೊಳ್ಳುತ್ತದೆ. ಅದು ಸರಿಯಾಗಿ ಮುಚ್ಚಲು ಫೋಲಿಕ್ ಆಮ್ಲ ಬೇಕು: ದಿನಕ್ಕೆ 400 ಮೈಕ್ರೋಗ್ರಾಂ, ಸಾಧ್ಯವಾದರೆ ಗರ್ಭಕ್ಕೆ ಮೊದಲೇ ಶುರುಮಾಡಿ, 12 ವಾರದವರೆಗೆ. ಮಧುಮೇಹ, ಅಪಸ್ಮಾರ ಇದ್ದವರಿಗೆ ಅಥವಾ ಹಿಂದಿನ ಮಗುವಿಗೆ ನರನಾಳದ ದೋಷವಿದ್ದವರಿಗೆ ಹೆಚ್ಚಿನ ಪ್ರಮಾಣ ಬೇಕಾಗಬಹುದು. ಅದನ್ನು ವೈದ್ಯರೇ ಹೇಳಬೇಕು.

ಮೊದಲ ಭೇಟಿ ಹತ್ತು ವಾರದೊಳಗೆ ಆಗಲಿ. ಸೇವಿಸುತ್ತಿರುವ ಮಾತ್ರೆಗಳ ಪಟ್ಟಿಗಿಂತ ಖಾಲಿ ಸ್ಟ್ರಿಪ್‌ಗಳನ್ನೇ ಒಯ್ಯುವುದು ಮೇಲು, ಹೆಸರು, ಪ್ರಮಾಣ ತಪ್ಪುವುದಿಲ್ಲ. ಅಪಸ್ಮಾರದ ಔಷಧಿಯನ್ನು ಹೆದರಿ ನೀವಾಗಿಯೇ ನಿಲ್ಲಿಸಬೇಡಿ. ರಕ್ತದ ಗುಂಪು, ಹಿಮೋಗ್ಲೋಬಿನ್, ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ, ಮೂತ್ರ ಪರೀಕ್ಷೆಗಳು ನಡೆಯುತ್ತವೆ.

ಐದನೇ ವಾರದಲ್ಲೇ ಸ್ಕ್ಯಾನಿಂಗ್ ಮಾಡಿಸಿ ಹೃದಯಬಡಿತ ಕಾಣಲಿಲ್ಲವೆಂದು ಗಾಬರಿಯಾಗುವವರು ಬಹಳ. ಅದು ಸಾಮಾನ್ಯವಾಗಿ ಕಾಣುವುದೇ ಆರು, ಏಳನೇ ವಾರದಲ್ಲಿ.

ಒಂದೇ ಬದಿಯ ಹೊಟ್ಟೆನೋವು, ಭುಜದ ನೋವು, ತಲೆಸುತ್ತು, ರಕ್ತಸ್ರಾವ ಕಂಡರೆ ಕಾಯದೆ ಹೊರಡಿ: ಗರ್ಭವು ಗರ್ಭಕೋಶದ ಬದಲು ಅಂಡನಾಳದಲ್ಲಿ ಕಟ್ಟಿರಬಹುದು.