ಇಂಗ್ಲಿಷ್ ಎಂ.ಎ. ಬೇಕಾ ಬೇಡ್ವಾ: ಎಂಟು ವಾರ, ಒಂದು ನೋಟ್‌ಬುಕ್

"ಇಂಗ್ಲಿಷ್ ಮಾತಾಡೋದು ಕಲಿಯೋಕೆ ಮೂರು ತಿಂಗಳ ಕ್ಲಾಸ್ ಸಾಕಲ್ವಾ, ಅದಕ್ಕೆ ಎರಡು ವರ್ಷ ಯಾಕೆ?"

2018ರಲ್ಲಿ ನಮ್ಮ ಸೋದರಮಾವ ಕೇಳಿದ ಪ್ರಶ್ನೆ ಇದು. ಮಾತಾಡೋದು ಬೇರೆ, ಸಾಹಿತ್ಯ ಬೇರೆ ಅಂತ ಹೇಳಿದೆ. "ಹಂಗಾದ್ರೆ ಇನ್ನೂ ಬೇಡ" ಅಂದರು. ನಾನಾಗ ಬಿ.ಕಾಂ. ಮುಗಿಸಿ ಬೆಂಗಳೂರಿನ ಒಂದು ಕಚೇರಿಯಲ್ಲಿ ಬಿಲ್ ಎಂಟ್ರಿ ಮಾಡುತ್ತಿದ್ದೆ. ಸಂಬಳ 14 ಸಾವಿರ. ಊರು ಅರಸೀಕೆರೆ ಕಡೆ, ಹತ್ತನೇ ತರಗತಿವರೆಗೂ ಕನ್ನಡ ಮೀಡಿಯಂ, ಅಪ್ಪನಿಗೆ ಒಂದಿಷ್ಟು ತೆಂಗು. ಇಂಥವನು ಇಂಗ್ಲಿಷ್ ಸಾಹಿತ್ಯಕ್ಕೆ ಸೇರಬೇಕೋ ಬೇಡವೋ ಅಂತ ಎಂಟು ವಾರ ನೋಟ್‌ಬುಕ್ ಇಟ್ಟುಕೊಂಡು ಪರೀಕ್ಷೆ ಮಾಡುತ್ತಿದ್ದೇನೆ ಅಂದರೆ ಯಾರು ತಾನೇ ನಗಲ್ಲ. ರೂಮ್‌ಮೇಟುಗಳು ಅದಕ್ಕೆ "ಕುಂಡಲಿ ಪುಸ್ತಕ" ಅಂತ ಹೆಸರಿಟ್ಟಿದ್ದರು. ಈಗ ಆ ನೋಟ್‌ಬುಕ್ಕನ್ನು ಸಾಲ ಕೇಳುವವರು ಇದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಸಿಲಬಸ್, ಸೆಮಿಸ್ಟರ್, ಕಾಲೇಜು ಮೇಷ್ಟ್ರಾಗುವ ಅರ್ಹತೆಗೆ ಬರೆಯುವ ನೆಟ್, ಕೆಸೆಟ್ ಪರೀಕ್ಷೆ ಎಲ್ಲ ನಿಮಗೆ ಗೊತ್ತಿರೋದೇ, ಅದನ್ನೆಲ್ಲ ವಿವರಿಸಲ್ಲ.

ಮೊದಲು ದುಡ್ಡು ಕಳೆದ ಕಥೆಗಳು. 2016ರಲ್ಲೇ ಒಂದು ಕಡೆ ಅರ್ಜಿ ಹಾಕಿದ್ದೆ. ಡಿಗ್ರಿಯಲ್ಲಿ ಐಚ್ಛಿಕ ಇಂಗ್ಲಿಷ್ (ಅಂದರೆ ಇಂಗ್ಲಿಷ್ ಸಾಹಿತ್ಯವನ್ನೇ ಮುಖ್ಯ ವಿಷಯವಾಗಿ ಓದೋದು) ಇರಲಿಲ್ಲ ಅಂತ ಬಿದ್ದುಹೋಯಿತು. ಅರ್ಹತೆಯ ಕಾಲಂ ಓದದೆ ಹೋದದ್ದು ನನ್ನದೇ ತಪ್ಪು. ಅರ್ಜಿ ಶುಲ್ಕ, ಬಸ್ಸು, ಒಂದು ರಾತ್ರಿ ಲಾಡ್ಜು ಸೇರಿ 1,100 ರೂಪಾಯಿ. ಆಮೇಲೆ, ನನಗೆ ಇದು ಇಷ್ಟವೋ ಇಲ್ಲವೋ ಓದಿಯೇ ನೋಡೋಣ ಅಂತ ಅವೆನ್ಯೂ ರೋಡಿಗೆ ಹೋಗಿ ಹಳೇ ಪುಸ್ತಕದ ಅಂಗಡಿಗಳಲ್ಲಿ 1,800 ರೂಪಾಯಿಗೆ ಒಂದು ಚೀಲ ತುಂಬಿಸಿದೆ. ದಪ್ಪನೆಯ ಕ್ಲಾಸಿಕ್‌ಗಳು. ಯಾವುದರಲ್ಲೂ 40 ಪುಟ ದಾಟಲಿಲ್ಲ. ಅದರಲ್ಲಿ ಒಂದು ಈಗಲೂ ನಮ್ಮನೆ ಕಿಟಕಿಗೆ ಆಸರೆ ಕೊಡೋಕೆ ಬಳಕೆಯಾಗುತ್ತಿದೆ. ಮೂರನೆಯದು ಕರಿಯರ್ ಕೌನ್ಸೆಲಿಂಗ್, 2,500 ರೂಪಾಯಿ. ನೂರು ಪ್ರಶ್ನೆಗೆ ಟಿಕ್ ಹಾಕಿಸಿ ಬಣ್ಣಬಣ್ಣದ ಚಕ್ರದ ಚಿತ್ರ ಕೊಟ್ಟರು. ನನಗೆ "ಭಾಷೆ ಮತ್ತು ಹೊರಾಂಗಣ" ಎರಡರಲ್ಲೂ ಆಸಕ್ತಿ ಇದೆಯಂತೆ. ಹೊರಾಂಗಣ ಅಂದ್ರೆ ತೋಟ ಅಂತ ಅರ್ಥ ಮಾಡಿಕೊಂಡು ಅಪ್ಪ ಬಹಳ ಖುಷಿಪಟ್ಟರು.

ಜಾಸ್ತಿ ಕೆಡಿಸಿದ್ದು ಮಾತ್ರ ಪುಕ್ಕಟೆ ಸಲಹೆ. ಹನ್ನೊಂದು ಜನರನ್ನು ಕೇಳಿದೆ. ಪ್ರತಿಯೊಬ್ಬರೂ ತಮ್ಮ ಬದುಕಿನ ಕಥೆಯನ್ನೇ ಹೇಳಿದರು. ಕೆಲಸ ಸಿಕ್ಕವರು ಸೇರು ಅಂದರು, ಸಿಗದವರು ಬೇಡ ಅಂದರು. ಒಬ್ಬ ಮೇಷ್ಟ್ರು ಬಿ.ಎಂ.ಶ್ರೀ., ಅಡಿಗ, ಲಂಕೇಶ್, ಅನಂತಮೂರ್ತಿ ಎಲ್ಲರೂ ಇಂಗ್ಲಿಷ್ ಮೇಷ್ಟ್ರುಗಳೇ ಅಲ್ವಾ ಅಂತ ಹುರಿದುಂಬಿಸಿದರು. ಮನೆಗೆ ಬಂದು ಮಾವನಿಗೆ ಅದನ್ನೇ ಒಪ್ಪಿಸಿದೆ. "ಅವರೆಲ್ಲ ಹೆಸರು ಮಾಡಿದ್ದು ಕನ್ನಡದಲ್ಲಿ ಬರೆದು" ಅಂದರು. ಅವರ ಮಾತು ಸರಿಯೇ ಇತ್ತು. ಬರಹಗಾರ ಆಗೋಕೆ ಅಂತ ಈ ಎಂ.ಎ.ಗೆ ಸೇರೋದಾದರೆ ಬೇಡ, ಕಾರ್ನಾಡರು ಧಾರವಾಡದಲ್ಲಿ ಓದಿದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರ.

ಇಷ್ಟೆಲ್ಲ ಆದ ಮೇಲೆ ಒಂದು ವಿಷಯ ಹೊಳೆಯಿತು. "ನಂಗೆ ಓದೋದು ಇಷ್ಟ" ಅನ್ನೋದು ಯಾವ ಸಾಕ್ಷಿಯೂ ಅಲ್ಲ. ಇಷ್ಟ ಆಗುವ ಪುಸ್ತಕ ಯಾರು ಬೇಕಾದರೂ ಓದುತ್ತಾರೆ. ಎರಡು ವರ್ಷದಲ್ಲಿ ಅರ್ಧಕ್ಕರ್ಧ ಇಷ್ಟ ಆಗದ್ದೇ ಬರುತ್ತದೆ. ಬೇಜಾರಾದಾಗ ನಾನು ಏನು ಮಾಡುತ್ತೇನೆ, ನೋಡಬೇಕಾದದ್ದು ಅದನ್ನು.

ಹಾಗಾಗಿ ಪುಸ್ತಕ ಕೊಳ್ಳೋದು ನಿಲ್ಲಿಸಿ, ಐದು ವರ್ಷದ ಪ್ರಶ್ನೆಪತ್ರಿಕೆ ಜೆರಾಕ್ಸ್ ಮಾಡಿಸಿದೆ. 60 ರೂಪಾಯಿ ಇರಬೇಕು. ಇಡೀ ವ್ಯವಹಾರದಲ್ಲಿ ಸಾರ್ಥಕವಾದ ಮೊದಲ ಖರ್ಚು. ಪ್ರಶ್ನೆಪತ್ರಿಕೆ ನೋಡಿದರೆ ಈ ಕೋರ್ಸಿನ ನಿಜವಾದ ಕೆಲಸ ಗೊತ್ತಾಗುತ್ತದೆ. ಓದೋದು ಕೂಲಿ ಇಲ್ಲದ ಕೆಲಸ. ಅಂಕ ಬರೋದು ಓದಿದ್ದರ ಬಗ್ಗೆ ನಾಲ್ಕೈದು ಪುಟ ವಾದ ಮಾಡಿ ಬರೆದರೆ ಮಾತ್ರ. ಕಥೆ ಹೇಳಿದರೆ ಪಾಸಾಗಬಹುದು, ಅಷ್ಟೇ. ಪಾಠಕ್ಕೆ ಇಗ್ನೋ ಮುಕ್ತ ವಿಶ್ವವಿದ್ಯಾಲಯದ ಎಂ.ಎ. ಸಾಮಗ್ರಿ ಅವರ ಇ-ಜ್ಞಾನಕೋಶ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತಿತ್ತು. ಹಳೇ ಕವಿಗಳ ಮೂಲವಂತೂ ಪ್ರಾಜೆಕ್ಟ್ ಗುಟೆನ್‌ಬರ್ಗ್ ಅನ್ನುವ ಪುಕ್ಕಟೆ ಪುಸ್ತಕಗಳ ವೆಬ್‌ಸೈಟಿನಲ್ಲಿ ಇದ್ದೇ ಇದೆ.

ಬೇಕಂತಲೇ ಬೇಜಾರಾಗುವ ಪಠ್ಯ ಆರಿಸಿಕೊಂಡೆ: ಹದಿನೇಳನೇ ಶತಮಾನದ ಇಂಗ್ಲಿಷ್ ಕವಿ ಮಿಲ್ಟನ್‌ನ 'ಪ್ಯಾರಡೈಸ್ ಲಾಸ್ಟ್' ಮಹಾಕಾವ್ಯದ ಮೊದಲ ಕಾಂಡ. ದಿನಾ ರಾತ್ರಿ ಒಂಬತ್ತರಿಂದ ಹತ್ತೂವರೆ. ನೋಟ್‌ಬುಕ್ಕಿನಲ್ಲಿ ಎರಡೇ ಕಾಲಂ. ಕಣ್ಣು ಪುಟ ಬಿಟ್ಟು ಎದ್ದ ಹೊತ್ತು ಒಂದು, ಎದ್ದು ಎಲ್ಲಿಗೆ ಹೋಯಿತು ಅನ್ನೋದು ಇನ್ನೊಂದು. ಫೋನಿಗೆ ಹೋಯಿತಾ, ನಿದ್ದೆಗಾ, ಡಿಕ್ಷನರಿಗಾ, ಇಲ್ಲಾ ಯಾರ ಹತ್ತಿರವಾದರೂ ಕೇಳಬೇಕು ಅನ್ನಿಸಿತಾ? ಮೊದಲ ವಾರ ನೂರಕ್ಕೆ ತೊಂಬತ್ತು ಫೋನು. ಎರಡನೇ ವಾರವೂ ಹೆಚ್ಚುಕಮ್ಮಿ ಹಾಗೇ. ಆ ಕಾವ್ಯದ ಮೊದಲ ವಾಕ್ಯ ಮುಗಿಯೋಕೆ 16 ಸಾಲು ಬೇಕು, ಮುಖ್ಯ ಕ್ರಿಯಾಪದ ಬರೋದೇ ಆರನೇ ಸಾಲಿಗೆ. ನಾಲ್ಕು ದಿನ ಬೈದುಕೊಂಡೆ. ಐದನೇ ದಿನ, ಅಲ್ಲ, ಕ್ರಿಯಾಪದಕ್ಕೆ ಕಾಯೋದು ಕನ್ನಡದವನಿಗೆ ಹೊಸದಾ, ನಮ್ಮ ವಾಕ್ಯದಲ್ಲಿ ಅದು ಬರೋದೇ ಕೊನೆಗೆ ಅಲ್ವಾ ಅನ್ನಿಸಿ ಒಬ್ಬನೇ ನಕ್ಕೆ. ರೂಮ್‌ಮೇಟ್ ಎದ್ದು ಲೈಟ್ ಆರಿಸಿದ.

ಮಧ್ಯೆ ದಾರಿ ತಪ್ಪಿದ್ದೂ ಇದೆ. ಮೂರನೇ ವಾರ ಇಂಗ್ಲಿಷ್ ಕವಿ ಚಾಸರ್‌ನನ್ನೂ ನಮ್ಮ ಪಂಪನನ್ನೂ ಅಕ್ಕಪಕ್ಕ ಇಟ್ಟುಕೊಂಡು ಯಾವುದು ಬೇಗ ಅರ್ಥವಾಗುತ್ತದೆ ಅಂತ ಪಂದ್ಯ ಕಟ್ಟಿದೆ. ಪಂಪ 941ರ ಹೊತ್ತಿನವನು, ಚಾಸರ್ ನಾನೂರಕ್ಕೂ ಹೆಚ್ಚು ವರ್ಷ ಈಚೆಯವನು. ಚಾಸರ್ ಸುಲಭವಾಗಿ ಗೆದ್ದ. ನಾಚಿಕೆಯಾಗಿ ಒಂದು ವಾರ ಹಳಗನ್ನಡ ವ್ಯಾಕರಣ ಓದುತ್ತಾ ಕೂತೆ. ಎಂ.ಎ. ತೀರ್ಮಾನಕ್ಕೆ ಅದರಿಂದ ಮೂರು ಕಾಸಿನ ಉಪಯೋಗ ಆಗಲಿಲ್ಲ.

ಉಪಯೋಗ ಆದದ್ದು ಐದನೇ ವಾರದ ಇನ್ನೊಂದು ತಲೆಹರಟೆಯಿಂದ. ಊರಿಗೆ ಹೋಗಿದ್ದೆ. ಅಜ್ಜಿಗೆ "ಕರುಣಾಳು ಬಾ ಬೆಳಕೆ" ಬಾಯಿಪಾಠ. ಬಿ.ಎಂ.ಶ್ರೀ. ಅದನ್ನು ಕನ್ನಡಕ್ಕೆ ತಂದದ್ದು ನ್ಯೂಮನ್ ಅನ್ನುವ ಪಾದ್ರಿಯ ಪದ್ಯದಿಂದ. ಆತ ಅದನ್ನು 1833ರಲ್ಲಿ, ಇಟಲಿ ಕಡೆಯಿಂದ ವಾಪಸ್ ಬರುವಾಗ ಹಡಗಿನಲ್ಲಿ ಬರೆದದ್ದು, ಅಲ್ಲಿ ಕಾಯಿಲೆ ಬಿದ್ದು ಎದ್ದಿದ್ದ ಅಂತೆಲ್ಲ ಅಜ್ಜಿಗೆ ಹೇಳಿದೆ. ಅಜ್ಜಿ ಕೇಳಿದ್ದು ಒಂದೇ: "ಮನೆ ಸೇರಿದ್ನಾ ಪಾಪ?" ಸೇರಿದ ಅಂದೆ. ಆಮೇಲೆ ಸುಮ್ನೆ ಮೂಲವನ್ನೂ ಕನ್ನಡವನ್ನೂ ಪಕ್ಕ ಪಕ್ಕ ಬರೆದು ನೋಡಿದರೆ, ಮೂಲದಲ್ಲಿ ರಾತ್ರಿ ಕತ್ತಲು, ಮನೆ ದೂರ ಅಂತಷ್ಟೇ ಇದೆ. ಕನ್ನಡದಲ್ಲಿ ಕತ್ತಲೆಯ ಜೊತೆ ಒಂದು "ಗವಿ" ಇದೆ. ಗವಿ ಎಲ್ಲಿಂದ ಬಂತು? ಸಮುದ್ರದ ಮೇಲೆ ಗವಿ ಯಾಕೆ? ಲಯ ತುಂಬಿಸೋಕಾ? ಸಮುದ್ರ ಕಾಣದ ನಮ್ಮ ಅಜ್ಜಿಯಂಥವರಿಗೆ ಕತ್ತಲೆ ಅಂದರೆ ಗವಿಯೇ ಅಂತಲಾ? ಗವಿ ಅಂದ ಕೂಡಲೇ ನಮಗೆ ತಪಸ್ಸು, ದೇವರು ನೆನಪಾಗುತ್ತದೆ, ಅದು ಬೇಕಿತ್ತಾ? ಊಟ ಆರಿಹೋಯಿತು. ಅವತ್ತು ನೋಟ್‌ಬುಕ್ಕಿನಲ್ಲಿ ಬರೆದದ್ದು ಹೀಗಿದೆ: "ಮ. 12.20ರಿಂದ 3.40. ಎದ್ದಿಲ್ಲ. ಒಂದು ಪದ." ಅದರ ಕೆಳಗೆ ನಾಲ್ಕು ಪುಟ ವಾದ, ನನ್ನ ಮುರುಕಲು ಇಂಗ್ಲಿಷಿನಲ್ಲಿ. ಓದೋಕೆ ಈಗ ನಗು ಬರುತ್ತದೆ, ಆದರೆ ವಾದ ಸರಿಯಾಗಿದೆ.

ಅಲ್ಲಿಂದ ಮಿಲ್ಟನ್ ಕಾಲಂ ಕೂಡ ಬದಲಾಯಿತು. ಎಂಟನೇ ವಾರಕ್ಕೆ ಫೋನು ನೂರಕ್ಕೆ ನಲವತ್ತಕ್ಕೆ ಇಳಿದಿತ್ತು. ಮಿಕ್ಕದ್ದು ಡಿಕ್ಷನರಿ, ಪ್ರಶ್ನೆ, ಒಂದೆರಡು ಬೈಗುಳ. ನನ್ನ ಅಳತೆಗೆ ಅಷ್ಟು ಸಾಕು. ಎಷ್ಟಿದ್ದರೆ ಹೂಂ, ಎಷ್ಟಿದ್ದರೆ ಊಹೂಂ ಅನ್ನುವ ಗೆರೆಯನ್ನು ನಾನು ಮೊದಲ ದಿನವೇ ಬರೆದು ಲಕೋಟೆಗೆ ಹಾಕಿ ಅಂಟಿಸಿದ್ದೆ, ಆಮೇಲೆ ಮನಸ್ಸು ಬದಲಾಯಿಸಬಾರದು ಅಂತ. ಆ ಗೆರೆ ಎಷ್ಟು ಅಂತ ಇಲ್ಲಿ ಹೇಳಲ್ಲ. ಹೇಳಿದರೆ ಎಲ್ಲರೂ ಅದಕ್ಕೆ ಸರಿಯಾಗಿ ಲೆಕ್ಕ ಕೂಡಿಸಿಕೊಳ್ಳುತ್ತಾರೆ. ನೀವೂ ನಿಮ್ಮದೇ ಬರೆದು ಅಂಟಿಸಿ.

ಇನ್ನು ದುಡ್ಡು. ಇಲ್ಲಿ ನನ್ನ ನೋಟ್‌ಬುಕ್ ಸ್ವಲ್ಪ ಕ್ರೂರವಾಗಿದೆ. ಎರಡು ವರ್ಷದ ಶುಲ್ಕ, ಹಾಸ್ಟೆಲ್, ಮೆಸ್, ಓಡಾಟ ಎಲ್ಲ ಸೇರಿ ಸುಮಾರು ಒಂದೂಕಾಲು ಲಕ್ಷ. ಬಿಟ್ಟುಬಿಡುವ ಸಂಬಳ 24 ತಿಂಗಳಿಗೆ 3,36,000. ಒಟ್ಟು ನಾಲ್ಕೂವರೆ ಲಕ್ಷ ದಾಟುತ್ತದೆ. ಜನ ಶುಲ್ಕ ಮಾತ್ರ ಲೆಕ್ಕ ಹಾಕಿ ಸರ್ಕಾರಿ ವಿಶ್ವವಿದ್ಯಾಲಯ, ಅಗ್ಗ ಅಂದುಕೊಳ್ಳುತ್ತಾರೆ. ಅಪ್ಪ ಪಟ್ಟಿ ನೋಡಿ "ಎರಡು ಫಸಲು ಕೊಬ್ಬರಿಗೆ ಹುಳ ಬಿತ್ತು ಅಂದ್ಕೊತೀನಿ ಬಿಡು" ಅಂದರು. ಒಪ್ಪಿಗೆ ಅಂದರೆ ಅದೇ.

ಖರ್ಚು ಗೊತ್ತಾಯಿತು, ಆದಾಯ? ಈ ಸಲ "ಸೇರಬಹುದಾ" ಅಂತ ಯಾರನ್ನೂ ಕೇಳಲಿಲ್ಲ. ಇಂಗ್ಲಿಷ್ ಎಂ.ಎ. ಮಾಡಿದ ಒಂಬತ್ತು ಜನರನ್ನು ಹಿಡಿದು "ಹೋದ ತಿಂಗಳು ಅಕೌಂಟಿಗೆ ಎಷ್ಟು ಬಂತು" ಅಂತ ಕೇಳಿದೆ. ನಾಲ್ವರು ಮಾತು ತಿರುಗಿಸಿದರು, ಅವರಲ್ಲಿ ಒಬ್ಬರು ಇವತ್ತಿಗೂ ಮಾತಾಡಿಸಲ್ಲ. ಮಿಕ್ಕ ಐವರು ಹೇಳಿದ್ದು: ಡಿಗ್ರಿ ಕಾಲೇಜಿನ ಅತಿಥಿ ಉಪನ್ಯಾಸಕರಿಗೆ 11 ಸಾವಿರ, ಖಾಸಗಿ ಹೈಸ್ಕೂಲ್ ಮೇಡಂಗೆ 18, ಸಬ್‌ಟೈಟಲ್ ಮಾಡುವವನಿಗೆ ಒಂದು ತಿಂಗಳು 22, ಇನ್ನೊಂದು ತಿಂಗಳು ಸೊನ್ನೆ, ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನ್ಯುಯಲ್ ಬರೆಯುವವಳಿಗೆ 48, ಸರ್ಕಾರಿ ಪಿ.ಯು. ಉಪನ್ಯಾಸಕರಿಗೆ 50ರ ಮೇಲೆ, ಆದರೆ ಅದಕ್ಕೆ ಅವರು ಕಾದದ್ದು ಒಂಬತ್ತು ವರ್ಷ. ಕೊನೆಗೆ ಇನ್ನೊಂದು ಪ್ರಶ್ನೆ ಕೇಳುತ್ತಿದ್ದೆ, ಅದನ್ನೂ ಇಲ್ಲಿ ಬರೆಯಲ್ಲ. ಅದಕ್ಕೆ ಉತ್ತರ ಹೇಳುವಾಗ ಮೂವರ ಮುಖ ಅರಳಿತು ಅಂತ ಮಾತ್ರ ಹೇಳುತ್ತೇನೆ.

ಅತಿಥಿ ಉಪನ್ಯಾಸಕನಾದರೆ ಬಿಲ್ ಎಂಟ್ರಿಗಿಂತ ಕಡಿಮೆ ಸಂಬಳ ಅಂತಾಯಿತು. ಹಾಗಾಗಿ ಒಂದು ನಿಯಮ ಹಾಕಿಕೊಂಡೆ: ತಿಂಗಳಿಗೆ 14 ಸಾವಿರ ತರುವ ಮೂರು ಬೇರೆ ಬೇರೆ ದಾರಿ ಕಾಣಬೇಕು, ಅದರಲ್ಲಿ ಒಂದರಿಂದ ಸೇರುವ ಮೊದಲೇ ಒಂದು ರೂಪಾಯಿಯಾದರೂ ಸಂಪಾದಿಸಿರಬೇಕು. ಟ್ಯೂಷನ್, ಶಾಲೆ, ಅನುವಾದ. ಒಂದು ಔಷಧಿ ಅಂಗಡಿಯವರಿಗೆ ಕರಪತ್ರ ಕನ್ನಡಕ್ಕೆ ಮಾಡಿಕೊಟ್ಟೆ. 600 ರೂಪಾಯಿ ಕೊಟ್ಟರು, 11 ಗಂಟೆ ಹಿಡಿಯಿತು. ಗಂಟೆಗೆ 54 ರೂಪಾಯಿ ಚಿಲ್ಲರೆ. ಗಾರೆ ಕೆಲಸದವರು ಜಾಸ್ತಿ ದುಡಿಯುತ್ತಾರೆ, ಗೊತ್ತು. ಆದರೂ ದಾರಿ ಕಂಡಿತ್ತು.

2019ರಲ್ಲಿ, ಐಚ್ಛಿಕ ಇಂಗ್ಲಿಷ್ ಇಲ್ಲದವರನ್ನೂ ತೆಗೆದುಕೊಳ್ಳುವ ಕಡೆ ಹುಡುಕಿ ಸೇರಿದೆ. ಈ ಸಲ ಅರ್ಹತೆಯ ಕಾಲಂ ಮೂರು ಸಲ ಓದಿದ್ದೆ. ಎರಡನೇ ಸೆಮಿಸ್ಟರ್‌ಗೆ ಕೊರೋನಾ ಬಂತು, ಹಾಸ್ಟೆಲ್ ಮುಚ್ಚಿತು, ಊರಿನಲ್ಲಿ ನೀರಿನ ಟ್ಯಾಂಕ್ ಹತ್ತಿದರೆ ಮಾತ್ರ ನೆಟ್‌ವರ್ಕು. ಶೇಕ್ಸ್‌ಪಿಯರ್‌ನ ಒಂದು ದುರಂತ ನಾಟಕ ಪೂರ್ತಿ ಟ್ಯಾಂಕ್ ಮೇಲೇ ಕೇಳಿದೆ. ಮೆಸ್ ಖರ್ಚು ಉಳಿದದ್ದು ನನ್ನ ಲೆಕ್ಕದಲ್ಲೇ ಇರಲಿಲ್ಲ, ಆ ದುಡ್ಡಿಗೆ ಲ್ಯಾಪ್‌ಟಾಪ್ ಬಂತು. 2021ರ ಜುಲೈ ಕೆಸೆಟ್‌ನಲ್ಲಿ ಫೇಲು. ಇಂಗ್ಲಿಷಿನ ಎರಡನೇ ಪತ್ರಿಕೆಗಿಂತ, ಎಲ್ಲ ವಿಷಯದವರೂ ಬರೆಯುವ ಮೊದಲನೆಯದೇ ಕೈಕೊಟ್ಟಿತು, ಬಿ.ಕಾಂ. ಓದಿದವನು ಲೆಕ್ಕದಲ್ಲಿ ಎಡವಿದೆ ಅಂತ ಯಾರಿಗೂ ಹೇಳಿರಲಿಲ್ಲ. 2024ರ ಜನವರಿಯಲ್ಲಿ ಪಾಸು. ಅಷ್ಟರಲ್ಲಿ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದೆ. 2022ರಲ್ಲಿ ಸರ್ಕಾರ ಗೌರವಧನ ಏರಿಸಿದ್ದರಿಂದ 11 ಇದ್ದ ಕಡೆ 26 ಸಾವಿರ ಸಿಕ್ಕಿತು, ಇದು ನನ್ನ ಜಾಣತನ ಅಲ್ಲ, ಅದೃಷ್ಟ. ಕೆಸೆಟ್ ಆದ ಮೇಲೆ ಇನ್ನೂ ಸ್ವಲ್ಪ ಏರಿತು. ವರ್ಷದ ಹನ್ನೆರಡೂ ತಿಂಗಳು ಬರಲ್ಲ, ಮರೆಯಬೇಡಿ. ಬರದ ತಿಂಗಳನ್ನು ಅನುವಾದ ಸಾಕುತ್ತದೆ, ಈಗ ಆ 600 ರೂಪಾಯಿ ಕರಪತ್ರ ಎರಡು ಗಂಟೆಯ ಕೆಲಸ. ಬಿಟ್ಟುಬಂದ ನಾಲ್ಕೂವರೆ ಲಕ್ಷ ಹೋದ ವರ್ಷಕ್ಕೆ ಹೆಚ್ಚುಕಮ್ಮಿ ವಾಪಸ್ ಬಂತು.

ಈ ವಿಧಾನ ಎಲ್ಲರಿಗೂ ಹೂಂ ಅನ್ನುತ್ತದೆ ಅಂದುಕೊಳ್ಳಬೇಡಿ. ಅಕ್ಕನ ಮಗಳು ಪಿ.ಯು. ಮುಗಿಸಿ ಇಂಗ್ಲಿಷ್ ಆನರ್ಸ್ ಅಂತ ಹಟ ಹಿಡಿದಿದ್ದಳು. ಸಿಕ್ಕಾಪಟ್ಟೆ ಓದುತ್ತಾಳೆ, ನನಗಿಂತ ಒಳ್ಳೆ ಇಂಗ್ಲಿಷು. ನೋಟ್‌ಬುಕ್ ಕೊಟ್ಟೆ, ನಾಲ್ಕು ವಾರ ಸಾಕು ಅಂದೆ. ಬೇಜಾರಾಗಲಿ ಅಂತ ಜೇನ್ ಆಸ್ಟಿನ್ ಬರೆದ 'ಪ್ರೈಡ್ ಅಂಡ್ ಪ್ರೆಜುಡೀಸ್' ಕಾದಂಬರಿ ಕೊಟ್ಟೆ, ಅವಳಿಗೆ ಮದುವೆ ಕಥೆ ಅಂದರೆ ಆಗಲ್ಲ. ಅವಳ ಎರಡನೇ ಕಾಲಂ ನೋಡಿದರೆ ಬರೀ ಲೆಕ್ಕ. ಕಥಾನಾಯಕ ಡಾರ್ಸಿಗೆ ವರ್ಷಕ್ಕೆ ಹತ್ತು ಸಾವಿರ ಪೌಂಡ್ ಬರಬೇಕಾದರೆ ಅಸಲು ಎಷ್ಟಿರಬೇಕು, ಬಡ್ಡಿ ನಾಲ್ಕಾದರೆ ಎಷ್ಟು, ಐದಾದರೆ ಎಷ್ಟು, ಹೆಣ್ಣುಮಕ್ಕಳಿಗೆ ಆಸ್ತಿ ಯಾಕೆ ಹೋಗಲ್ಲ. ಪಾತ್ರಗಳ ಬಗ್ಗೆ ಒಂದು ಸಾಲೂ ಇಲ್ಲ. ನಾನೇನೂ ಹೇಳಲಿಲ್ಲ. ಅವಳೇ ಓದಿಕೊಂಡು, ಅರ್ಥಶಾಸ್ತ್ರಕ್ಕೆ ಸೇರಿದಳು.

ಹೋದ ವಾರ ಮಾವನ ಫೋನು. ಅವರ ಕಿರಿಮಗ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಬಿಟ್ಟು ಬಂದು ಇಂಗ್ಲಿಷ್ ಓದುತ್ತೇನೆ ಅನ್ನುತ್ತಿದ್ದಾನಂತೆ. "ಅದೇನೋ ನೋಟ್‌ಬುಕ್ಕು ಇತ್ತಲ್ಲ, ಕಳಿಸ್ತೀಯಾ? ಹದಿನೈದು ದಿನಕ್ಕೆ ಮುಗಿಯೋ ಥರ ಏನಾದ್ರೂ ಇದ್ಯಾ?" ಅಂತ ಕೇಳಿದರು. ಎಂಟು ವಾರಕ್ಕಿಂತ ಒಂದು ದಿನವೂ ಕಡಿಮೆ ಆಗಲ್ಲ ಅಂದೆ. ಕೊರಿಯರ್‌ಗೆ 70 ರೂಪಾಯಿ ಆಯಿತು, ಮಾವ ಇನ್ನೂ ಕೊಟ್ಟಿಲ್ಲ.