ಕಾಸರಗೋಡಿಗೆ ವರ್ಗವಾಯಿತೇ? ಅಡ್ವಾನ್ಸ್ ಕೊಡುವ ಮುಂಚೆ ಬಾವಿಯ ಹಗ್ಗ ನೋಡಿ

ಯಜಮಾನರಿಗೆ ಕಾಸರಗೋಡು ಜಿಲ್ಲೆಗೆ ವರ್ಗವಾದಾಗ ನಾವು ದಾವಣಗೆರೆಯಲ್ಲಿದ್ದೆವು. ಮಗಳಿಗೆ ಮೂರು ವರ್ಷ. ಮೊಬೈಲಿನಲ್ಲಿ ನಕ್ಷೆ ತೆರೆದು, ಆಫೀಸಿನ ಮೇಲೆ ಬೆರಳಿಟ್ಟು, ಅದರ ಸುತ್ತ ಐದು ಕಿಲೋಮೀಟರಿನೊಳಗೆ ಮನೆ ಹುಡುಕಿದೆವು. ಸಿಕ್ಕಿತು ಕೂಡ. ಚಂದ್ರಗಿರಿ ಹೊಳೆಯಿಂದ ದಕ್ಷಿಣಕ್ಕೆ, ತೆಂಗಿನ ತೋಟದ ನಡುವೆ, ಫೋಟೊದಲ್ಲಿ ಸ್ವರ್ಗದಂಥ ಮನೆ. ಅವರು ಹತ್ತು ನಿಮಿಷಕ್ಕೆ ಆಫೀಸು ಮುಟ್ಟುತ್ತಿದ್ದರು. ನಾನು ಬೆಳಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಮಲಯಾಳ ಬಾರದ ಬಾಯಿ ಮುಚ್ಚಿಕೊಂಡು, ಮಗುವನ್ನು ಕಂಕುಳಲ್ಲಿಟ್ಟುಕೊಂಡು ಗೇಟಿನ ಹತ್ತಿರ ನಿಂತಿರುತ್ತಿದ್ದೆ. ಹನ್ನೊಂದು ತಿಂಗಳ ಕರಾರು ಮುಗಿದ ಮಾರನೇ ದಿನವೇ ಹೊಳೆ ದಾಟಿ ವಿದ್ಯಾನಗರದ ಕಡೆ ಬಂದೆವು.

ಈಗ ಅವರಿಗೆ ಆಫೀಸು ಮುಕ್ಕಾಲು ಗಂಟೆ ದೂರ. ಗೊಣಗುತ್ತಾರೆ. ಆದರೆ ಹಗಲಿಡೀ ಮಗುವಿನ ಜತೆ ಇರುವವರ ಕಾಲಳತೆಯಲ್ಲಿ ಮನೆ ಆರಿಸಬೇಕಿತ್ತು ಎಂದು ಅವರೂ ಒಪ್ಪಿದ್ದಾರೆ. ಬ್ಯಾಂಕು, ಕೃಷಿ ಸಂಶೋಧನೆ, ವಿಶ್ವವಿದ್ಯಾಲಯ, ರೈಲ್ವೆ ಎಂದು ಪುಟ್ಟ ಮಕ್ಕಳನ್ನು ಕಟ್ಟಿಕೊಂಡು ಈ ಕಡೆ ಬರುವ ಕನ್ನಡದ ಮನೆಗಳವರು ನಮ್ಮ ಹಾಗೆ ಎರಡು ಸಲ ಸಾಮಾನು ಹೊರಬಾರದು ಎಂಬ ಕಾರಣಕ್ಕೆ ಇದಿಷ್ಟು.

ಮೊದಲು: ಹೊಳೆಯ ಯಾವ ಕಡೆ?

ಕಾಸರಗೋಡು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ತಾಲ್ಲೂಕು. ಪ್ರತ್ಯೇಕ ಜಿಲ್ಲೆಯಾದದ್ದು 1984ರಲ್ಲಿ. ಚಂದ್ರಗಿರಿಯ ಉತ್ತರಕ್ಕೆ ಇಂದಿಗೂ ಕನ್ನಡ, ತುಳು ಧಾರಾಳವಾಗಿ ನಡೆಯುತ್ತವೆ. ದಕ್ಷಿಣಕ್ಕೆ ಹೋದಷ್ಟೂ ಮಲಯಾಳವೇ ಮಾತು. ಸಪ್ತಭಾಷಾ ಸಂಗಮ ಭೂಮಿ ಎಂದು ಭಾಷಣಗಳಲ್ಲಿ ಹೇಳುತ್ತಾರೆ, ಸುಳ್ಳಲ್ಲ. ಆದರೆ ಜ್ವರದ ಮಗುವನ್ನು ಎತ್ತಿಕೊಂಡು ಔಷಧ ಅಂಗಡಿಯ ಮುಂದೆ ನಿಂತಾಗ ಏಳರಲ್ಲಿ ನಿಮಗೆ ಬರುವ ಒಂದು ಆ ಅಂಗಡಿಯಲ್ಲಿ ಇದೆಯೇ ಎಂಬುದಷ್ಟೇ ಮುಖ್ಯ.

ಕೆಲಸ ಎಲ್ಲಿ ಎಂಬುದರ ಮೇಲೆ ಹುಡುಕಾಟ ಹೀಗೆ ಹೊರಡಲಿ. ಸಿಪಿಸಿಆರ್‌ಐ (ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ), ಜಿಲ್ಲಾಧಿಕಾರಿ ಕಚೇರಿ, ಪೇಟೆಯ ಬ್ಯಾಂಕುಗಳಾದರೆ ಕೂಡ್ಲು, ಮಧೂರು, ವಿದ್ಯಾನಗರ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯವಾದರೆ ಎಲ್ಲರೂ ಕಾಞಂಗಾಡು ಎನ್ನುತ್ತಾರೆ. ಮಲಯಾಳ ಕಲಿಯುವ ಉತ್ಸಾಹ ಇದ್ದರೆ ಅದೇ ಸರಿ, ಇಲ್ಲವಾದರೆ ವಿದ್ಯಾನಗರದಿಂದ ಓಡಾಡುವುದು ಮೇಲು. ಕೆಲಸ ಮಂಗಳೂರಿನಲ್ಲಿದ್ದು ಬಾಡಿಗೆ ಉಳಿಸಲು ಗಡಿಯ ತಲಪಾಡಿ ದಾಟುವವರಿಗೆ ಹೊಸಂಗಡಿ, ಮಂಜೇಶ್ವರ, ಉಪ್ಪಳ. ರೈಲು ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ ಮನೆ ಸಿಕ್ಕರೆ ಸೀಸನ್ ಟಿಕೆಟ್ ಮಾಡಿಸಿಕೊಂಡು ಹೆದ್ದಾರಿಯ ಗೊಡವೆಯೇ ಇಲ್ಲದೆ ಇರಬಹುದು. ಒಳನಾಡಿನ ಬದಿಯಡ್ಕ, ನೀರ್ಚಾಲು, ಪೆರ್ಲ, ಮುಳ್ಳೇರಿಯ ಕನ್ನಡದ ಮಟ್ಟಿಗೆ ತವರುಮನೆ ಇದ್ದಂತೆ. ಬಸ್ಸು ಮಾತ್ರ ಸಂಜೆಯಾದಂತೆ ಕಡಿಮೆ.

ಮನೆಗಿಂತ ಮುಂಚೆ ಶಾಲೆ

ಮಗು ಇನ್ನೂ ಅಂಗನವಾಡಿಯ ವಯಸ್ಸಿನದ್ದಾದರೂ ಈಗಲೇ ಶಾಲೆ ನೋಡಿ. ಇಲ್ಲಿನ ಶಾಲೆಯ ಫಲಕ ಓದುವುದೇ ಒಂದು ವಿದ್ಯೆ. ಹೆಸರಿನ ಮುಂದೆ 'ಜಿ' ಇದ್ದರೆ ಸರ್ಕಾರಿ, 'ಎ' ಇದ್ದರೆ ಅನುದಾನಿತ. 'ಎಲ್‌ಪಿ' ಎಂದರೆ 4ನೇ ತರಗತಿಗೆ ಮುಗಿಯಿತು. 'ಯುಪಿ' ಎಂದರೆ 7ರವರೆಗೆ. 'ಎಚ್‌ಎಸ್‌ಎಸ್' ಇದ್ದರೆ ಪ್ಲಸ್ ಟು, ಅಂದರೆ ನಮ್ಮ ಪಿಯುಸಿವರೆಗೆ. ಮನೆ ಪಕ್ಕದ ಎಲ್‌ಪಿ ಶಾಲೆ ನೋಡಿ ಮರುಳಾಗಿ ಮನೆ ಹಿಡಿದರೆ ಐದನೇ ತರಗತಿಗೆ ಮತ್ತೆ ಹುಡುಕಾಟ.

ಕನ್ನಡ ಮಾಧ್ಯಮ ಬೇಕೆನ್ನುವವರು ಹೆಡ್‌ಮಾಸ್ಟರರ ಹತ್ತಿರ ಮೂರು ಪ್ರಶ್ನೆ ಕೇಳಬೇಕು. ಕನ್ನಡ ಡಿವಿಷನ್ (ವಿಭಾಗ) ಎಷ್ಟನೇ ತರಗತಿವರೆಗೆ ಇದೆ? ಈ ವರ್ಷ ಒಂದನೇ ತರಗತಿಗೆ ಎಷ್ಟು ಮಕ್ಕಳು ಸೇರಿದರು? ಲೆಕ್ಕ, ವಿಜ್ಞಾನ ಹೇಳಿಕೊಡುವವರಿಗೆ ಕನ್ನಡ ಬರುತ್ತದೆಯೇ? ಮೂರನೆಯದು ಒರಟಾಗಿ ಕೇಳಿಸುತ್ತದೆ, ಆದರೂ ಕೇಳಿ. ಕನ್ನಡ ಬಾರದವರನ್ನು ಕನ್ನಡ ಮಾಧ್ಯಮದ ತರಗತಿಗೆ ನೇಮಿಸಿದ್ದಕ್ಕೆ ಇಲ್ಲಿ ಮಕ್ಕಳೂ ಹೆತ್ತವರೂ ಬೀದಿಗಿಳಿದದ್ದು ಒಂದೆರಡು ಸಲವಲ್ಲ. ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಅನುಕೂಲ ಒದಗಿಸಬೇಕು ಎಂದು ಸಂವಿಧಾನದ 350ಎ ವಿಧಿ ಹೇಳುತ್ತದೆ, ಅದು ಪುಸ್ತಕದ ಮಾತು. ನಿಮ್ಮ ಮಗುವಿನ ತರಗತಿಯಲ್ಲಿ ಏನು ನಡೆಯುತ್ತಿದೆ ಎಂದು ಹೋಗಿ ನೋಡುವುದೇ ಒಳ್ಳೆಯದು.

ಮತ್ತೆ ಮತ್ತೆ ವರ್ಗವಾಗುವ ಕೇಂದ್ರ ಸರ್ಕಾರಿ ನೌಕರರಿಗೆ ಕೇಂದ್ರೀಯ ವಿದ್ಯಾಲಯ ಸುಲಭದ ದಾರಿ. ಸಿಪಿಸಿಆರ್‌ಐ ಬಳಿಯೇ ಒಂದಿದೆ. ಅಲ್ಲಿ ಒಂದನೇ ತರಗತಿಗೆ 6 ವರ್ಷ ತುಂಬಿರಬೇಕು. ಕೇರಳದ ಶಾಲೆಗಳಲ್ಲಿ 5 ತುಂಬಿದವರನ್ನೇ ಸೇರಿಸಿಕೊಳ್ಳುವ ರೂಢಿ ಬಹಳ ಕಾಲದಿಂದ ಇತ್ತು. ಕರ್ನಾಟಕದಿಂದ ಬರುವಾಗ, ತಿರುಗಿ ಹೋಗುವಾಗ ಈ ಒಂದು ವರ್ಷದ ಲೆಕ್ಕ ತಪ್ಪಿ ಮಗು ಅದೇ ತರಗತಿಯಲ್ಲಿ ಎರಡು ಸಲ ಕೂರುವ ಸಂದರ್ಭ ಬರಬಹುದು. ಸೇರಿಸುವ ವರ್ಷದ ನಿಯಮವನ್ನು ಶಾಲೆಯಲ್ಲೇ ಕೇಳಿಕೊಳ್ಳಿ.

ಇನ್ನೊಂದು, ರಜೆ. ಕೇರಳದಲ್ಲಿ ಬೇಸಿಗೆ ರಜೆ ಬಿಟ್ಟರೆ ಉದ್ದದ ರಜೆ ಓಣಂಗೆ, ಕ್ರಿಸ್‌ಮಸ್‌ಗೆ. ಕರ್ನಾಟಕದ ಹಾಗೆ ದಸರಾ ರಜೆ ಇಲ್ಲ. ಅಜ್ಜಿಮನೆಯ ಮಕ್ಕಳೆಲ್ಲ ಅಕ್ಟೋಬರಿನಲ್ಲಿ ಸೇರಿ ಕುಣಿಯುವಾಗ ನಿಮ್ಮದಕ್ಕೆ ಶಾಲೆ. ಮಳೆರಜೆಯದು ಬೇರೆ ತಮಾಷೆ. ಬೆಳಗ್ಗೆ ವಾಟ್ಸ್‌ಆ್ಯಪ್‌ನಲ್ಲಿ 'ಇಂದು ಶಾಲೆಗಳಿಗೆ ರಜೆ' ಎಂದು ಬರುತ್ತದೆ, ಅದು ದಕ್ಷಿಣ ಕನ್ನಡದ ಜಿಲ್ಲಾಧಿಕಾರಿಯದು. ನಮ್ಮದು ಕಾಸರಗೋಡಿನ ಕಲೆಕ್ಟರರದು. ಗಂಡ ಮಂಗಳೂರಿನಲ್ಲಿ, ಹೆಂಡತಿ ಉಪ್ಪಳದಲ್ಲಿ ಕೆಲಸ ಮಾಡುವ ಮನೆಗಳಲ್ಲಿ ಇದು ಮಳೆಗಾಲದ ನಿತ್ಯದ ಜಗಳ.

ಆಸ್ಪತ್ರೆಯ ದಾರಿ

ಪುಟ್ಟ ಮಗುವಿದ್ದ ಮನೆಗೆ ಎರಡು ಆಸ್ಪತ್ರೆ ಬೇಕು. ಕೆಮ್ಮು, ಜ್ವರ, ಲಸಿಕೆಗೆ ಹತ್ತಿರದ್ದು, ಹೆಚ್ಚುಕಡಿಮೆಯಾದರೆ ದೊಡ್ಡದು. ಲಸಿಕೆಗೆ ತಾಯಿ ಕಾರ್ಡ್ ಹಿಡಿದು ಪಂಚಾಯತಿನ ಆರೋಗ್ಯ ಕೇಂದ್ರಕ್ಕೆ ಹೋದರೆ ಸಾಕು, ನಮಗೆ ಒಂದು ಪೈಸೆಯ ತೊಂದರೆಯೂ ಆಗಲಿಲ್ಲ. ದೊಡ್ಡ ಕಾಯಿಲೆಗೆ ಈ ಭಾಗದವರು ಓಡುವುದು ಸುಮಾರು 50 ಕಿ.ಮೀ. ದೂರದ ಮಂಗಳೂರಿಗೆ. 2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣಕ್ಕೆ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ, ಆಂಬುಲೆನ್ಸ್‌ಗಳು ತಲಪಾಡಿಯಿಂದ ತಿರುಗಿ ಹೋದವು. ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟುಗಳಿಗೂ ಹೋಯಿತು. ಆ ದಿನ ಕಂಡವರು ಮನೆ ನೋಡುವಾಗ ಇಂದಿಗೂ 'ಕಾಸರಗೋಡು ಜನರಲ್ ಆಸ್ಪತ್ರೆ ಎಷ್ಟು ದೂರ' ಎಂದು ಕೇಳುತ್ತಾರೆ. ಕಂಪನಿಯ ಆರೋಗ್ಯ ವಿಮೆ ಇದ್ದರೆ, ಮಂಗಳೂರಿನ ಯಾವ ಆಸ್ಪತ್ರೆ ಆ ಪಟ್ಟಿಯಲ್ಲಿದೆ ಎಂದು ನೋಡಿಡಿ.

ಹೆದ್ದಾರಿಯ ಯಾವ ಬದಿ?

ಮೊದಲು ರಸ್ತೆ ದಾಟಿದರೆ ಶಾಲೆ ಎನ್ನುತ್ತಿದ್ದರು. 66ನೇ ರಾಷ್ಟ್ರೀಯ ಹೆದ್ದಾರಿ ಷಟ್ಪಥವಾದ ಮೇಲೆ ಆ ಮಾತು ಹೋಯಿತು. ಎದುರಿಗೆ ಕಾಣುವ ಶಾಲೆಗೆ ಸರ್ವಿಸ್ ರಸ್ತೆಯಲ್ಲಿ ಅಂಡರ್‌ಪಾಸ್‌ವರೆಗೆ ಹೋಗಿ, ದಾಟಿ, ಮತ್ತೆ ಅಷ್ಟೇ ದೂರ ವಾಪಸು ಬರಬೇಕು. ನಕ್ಷೆಯಲ್ಲಿ ಮುನ್ನೂರು ಮೀಟರು, ಮಗುವಿನ ಕಾಲಿಗೆ ಎರಡು ಕಿಲೋಮೀಟರು. ಶಾಲೆ, ಅಂಗಡಿ, ಬಸ್ ನಿಲ್ದಾಣ ಮೂರೂ ಮನೆಯ ಬದಿಯಲ್ಲೇ ಇರುವಂತೆ ನೋಡಿಕೊಳ್ಳಿ. ಸೋಮವಾರ ಬೆಳಗ್ಗೆ ಎಂಟೂಕಾಲಕ್ಕೆ ಒಮ್ಮೆ ಆ ನಿಲ್ದಾಣದಲ್ಲಿ ನಿಂತು ಬನ್ನಿ. ಭಾನುವಾರ ಮನೆ ನೋಡಿದವರಿಗೆ ಏನೂ ತಿಳಿಯುವುದಿಲ್ಲ.

ಇನ್ನು ಮನೆ, ಅದಕ್ಕಿಂತ ಮುಖ್ಯವಾಗಿ ನೀರು

'ಕ್ವಾರ್ಟರ್ಸ್' ಇದೆ ಎಂದು ಯಾರಾದರೂ ಹೇಳಿದರೆ ಸರ್ಕಾರಿ ವಸತಿ ಎಂದುಕೊಳ್ಳಬೇಡಿ. ಇಲ್ಲಿ ಸಾಲಾಗಿ ಕಟ್ಟಿದ ಸಣ್ಣ ಬಾಡಿಗೆ ಮನೆಗಳಿಗೆಲ್ಲ ಅದೇ ಹೆಸರು. ಮಾಲೀಕರು ಅನೇಕ ಸಲ ಗಲ್ಫ್‌ನಲ್ಲಿರುತ್ತಾರೆ, ಬೀಗದ ಕೈ ಅವರ ತಾಯಿಯ ಸೊಂಟದಲ್ಲಿರುತ್ತದೆ. ಬೆಂಗಳೂರಿನ ಹಾಗೆ ಹತ್ತು ತಿಂಗಳ ಅಡ್ವಾನ್ಸ್ ನಮ್ಮ ಹತ್ತಿರ ಯಾರೂ ಕೇಳಲಿಲ್ಲ. ಕರೆಂಟ್ ಬಿಲ್ಲು ಎರಡು ತಿಂಗಳಿಗೊಮ್ಮೆ ಬರುತ್ತದೆ. ಮೊದಲ ಬಿಲ್ಲು ನೋಡಿ ನಾನು ಎದೆ ಒಡೆದುಕೊಂಡಿದ್ದೆ.

ನೀರಿನ ವಿಷಯಕ್ಕೆ ಬರುತ್ತೇನೆ. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಸುರಿಯುವ ಜಿಲ್ಲೆಯಲ್ಲಿ ಏಪ್ರಿಲ್‌ಗೆ ಟ್ಯಾಂಕರ್ ಬರುತ್ತದೆ ಎಂದರೆ ಬಯಲುಸೀಮೆಯ ನಾವು ನಂಬುವುದಿಲ್ಲ. ಕೆಳಗೆ ಇರುವುದು ಮುರಕಲ್ಲು. ಜೂನಿನಲ್ಲಿ ಹೀರಿದ ನೀರನ್ನು ಅದು ಬಹಳ ದಿನ ಹಿಡಿದಿಡುವುದಿಲ್ಲ, ಗುಡ್ಡದಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ ಇಳಿದುಹೋಗುತ್ತದೆ. ಅದಕ್ಕೇ ಬದಿಯಡ್ಕ, ಪೆರ್ಲದ ಕಡೆಯ ಹಿರಿಯರು ಗುಡ್ಡವನ್ನು ಅಡ್ಡಕ್ಕೆ ಕೊರೆದು ಸುರಂಗ ತೋಡಿ ನೀರು ತಂದದ್ದು. ಕಡಲ ಬದಿಯಲ್ಲಿ ತೊಂದರೆ ಇನ್ನೊಂದು ಬಗೆಯದು, ಬೇಸಿಗೆಗೆ ಬಾವಿಗೆ ಉಪ್ಪು ಏರುತ್ತದೆ.

ನಮ್ಮ ಮೊದಲ ಮನೆಯ ಬಾವಿ ನೋಡಿದ್ದು ಆಗಸ್ಟಿನಲ್ಲಿ. ಬಗ್ಗಿದರೆ ಕೈಗೆ ಸಿಗುವಷ್ಟು ಮೇಲೆ ನೀರು. "ಇದು ಬತ್ತುವ ಬಾವಿ ಅಲ್ಲ ಮೋಳೆ (ಮಗಳೇ)" ಎಂದರು ಮಾಲೀಕರ ಉಮ್ಮ, ಅಂದರೆ ತಾಯಿ. ಪಕ್ಕದ ಗೂಟಕ್ಕೆ ಹಗ್ಗ ಸುತ್ತಿ ಸುತ್ತಿ ಕುಪ್ಪೆ ಹಾಕಿದ್ದರು, ನಾನು ನೋಡಿಯೂ ನೋಡಲಿಲ್ಲ. ಏಪ್ರಿಲ್ ಹೊತ್ತಿಗೆ ಆ ಹಗ್ಗ ಪೂರ್ತಿ ಬಿಚ್ಚಿದರೂ ಕೊಡಪಾನದಲ್ಲಿ ಅರ್ಧ ನೀರು, ಅರ್ಧ ಕೆಸರು. ಉಮ್ಮ ಹೇಳಿದ್ದು ಸುಳ್ಳಲ್ಲ, ಬಾವಿ ಬತ್ತಿರಲಿಲ್ಲ. ಆದ್ದರಿಂದ ಮಳೆಗಾಲದಲ್ಲಿ ಮನೆ ನೋಡುವವರು ನೀರನ್ನು ನೋಡಬೇಡಿ, ಹಗ್ಗದ ಉದ್ದ ನೋಡಿ. ಹತ್ತು ಮಾರು ಹಗ್ಗ ಸುತ್ತಿಟ್ಟಿದ್ದರೆ ಬೇಸಿಗೆಯಲ್ಲಿ ಹತ್ತು ಮಾರು ಆಳಕ್ಕೆ ಹೋಗುತ್ತದೆ ಎಂದರ್ಥ. ಪಂಪು ಇಟ್ಟ ಬಾವಿಯಾದರೆ ಒಳಗೋಡೆಯಲ್ಲಿ ಪಾಚಿಯ ಗೆರೆ ಎಲ್ಲಿಯವರೆಗೆ ಇಳಿದಿದೆ ಎಂದು ಟಾರ್ಚ್ ಬಿಟ್ಟು ನೋಡಿ. ಒಂದು ಲೋಟ ನೀರು ಕುಡಿದು ನೋಡಿ. ಪಕ್ಕದ ಮನೆಯವರನ್ನು 'ಮೇ ತಿಂಗಳಲ್ಲಿ ಬಟ್ಟೆ ಎಲ್ಲಿ ಒಗೆಯುತ್ತೀರಿ' ಎಂದು ಕೇಳಿ. ನೀರು ಉಂಟೇ ಎಂದರೆ ಎಲ್ಲರೂ ಉಂಟು ಎನ್ನುತ್ತಾರೆ. ಬಟ್ಟೆಯ ಪ್ರಶ್ನೆಗೆ ನಿಜ ಹೊರಬೀಳುತ್ತದೆ.

ಕರಾರಿನಲ್ಲಿ ಟ್ಯಾಂಕರ್ ಖರ್ಚು ಯಾರದು ಎಂದು ಒಂದು ಸಾಲು ಬರೆಸಿಕೊಳ್ಳಿ.

ಕಾಗದಪತ್ರ

ಆಧಾರ್ ವಿಳಾಸ, ಪಡಿತರ ಚೀಟಿಯಂಥ ಕೆಲಸಗಳಿಗೆ ಕೇರಳ ಸರ್ಕಾರದ ಸೇವಾ ಕೇಂದ್ರವಾದ ಅಕ್ಷಯ ಕೇಂದ್ರವಿದೆ, ಕನ್ನಡ ಬಲ್ಲವರು ಕಾಸರಗೋಡು, ಮಂಜೇಶ್ವರ ತಾಲ್ಲೂಕಿನಲ್ಲಿ ಸಿಗುತ್ತಾರೆ. ಸರ್ಕಾರಕ್ಕೆ ಕನ್ನಡದಲ್ಲೇ ಬರೆಯುವ ಅವಕಾಶ 1969ರ ಕೇರಳದ ಭಾಷಾ ಕಾಯ್ದೆಯಲ್ಲೇ ಇದೆ. ಉತ್ತರ ಯಾವ ಭಾಷೆಯಲ್ಲಿ ಬರುತ್ತದೆ ಎಂಬುದು ನಿಮ್ಮ ಅದೃಷ್ಟ. ಕರ್ನಾಟಕದ ನಂಬರಿನ ಗಾಡಿ 12 ತಿಂಗಳಿಗಿಂತ ಹೆಚ್ಚು ಇಲ್ಲೇ ಇರುವುದಾದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ತಂದು ಇಲ್ಲಿನ ನಂಬರು ಮಾಡಿಸಬೇಕು, ರಸ್ತೆ ತೆರಿಗೆಯನ್ನೂ ಕಟ್ಟಬೇಕು.

ಮುಂದಿನ ಯೋಚನೆ ಇರುವವರು ಎರಡು ಸಂಗತಿ ಗಮನಿಸಿ. ಒಂದು ರಾಜ್ಯದ ಜಾತಿ ಪಟ್ಟಿಯ ಮೀಸಲಾತಿ ಇನ್ನೊಂದು ರಾಜ್ಯಕ್ಕೆ ಬಂದ ಮಾತ್ರಕ್ಕೆ ಸಿಗುವುದಿಲ್ಲ. ಹಾಗೆಯೇ ಕರ್ನಾಟಕದ ಸಿಇಟಿಗೆ ಅಲ್ಲಿ ಇಷ್ಟು ವರ್ಷ ಓದಿರಬೇಕೆಂಬ ಷರತ್ತಿದೆ. ಕಾಸರಗೋಡು, ಹೊಸದುರ್ಗ (ಚಿತ್ರದುರ್ಗದ್ದಲ್ಲ, ಕಾಞಂಗಾಡಿನ ಕಡೆಯದು), ಮಂಜೇಶ್ವರ ತಾಲ್ಲೂಕುಗಳ ಗಡಿನಾಡ ಕನ್ನಡಿಗರಿಗೆ ಅದರಲ್ಲಿ ಬೇರೆಯದೇ ವಿಭಾಗವಿದೆ. ಮಗುವಿನ ವ್ಯಾಸಂಗ ಪ್ರಮಾಣಪತ್ರಗಳನ್ನು ಒಂದನೇ ತರಗತಿಯಿಂದಲೇ ಒಂದು ಫೈಲಿನಲ್ಲಿ ಹಾಕುತ್ತ ಬನ್ನಿ.

ಸಾಮಾನು ಸಾಗಿಸುವ ದಿನ

ಶಾಲೆ ಶುರುವಾಗುವುದು ಜೂನ್ ಮೊದಲ ವಾರ, ಮಳೆ ಹಿಡಿಯುವುದೂ ಅದೇ ವಾರ. ಆದ್ದರಿಂದ ಮೇ ಹದಿನೈದರೊಳಗೆ ಬಂದುಬಿಡಿ. ಬಾವಿ ತೀರಾ ಕೆಳಗಿರುವ ಕಾಲ, ಮಾಲೀಕರ ಮಾತನ್ನೂ ಪರೀಕ್ಷೆ ಮಾಡಿದಂತಾಗುತ್ತದೆ. ನಾವು ಬಂದದ್ದು ಆಗಸ್ಟಿನಲ್ಲಿ, ಟಾರ್ಪಾಲು ಸರಿಯಾಗಿ ಕಟ್ಟದ ಲಾರಿಯಲ್ಲಿ. ದಾವಣಗೆರೆಯ ಹತ್ತಿ ಹಾಸಿಗೆ ಎರಡೂ ನೆನೆದು ಕಲ್ಲಾದವು. ನವೆಂಬರಿನಲ್ಲಿ ಅಂಗಳಕ್ಕೆ ಬಿಸಿಲು ಬರುವವರೆಗೆ ವರಾಂಡದಲ್ಲಿ ಒರಗಿಸಿಟ್ಟಿದ್ದೆವು. ದಿನಾ ಬೆಳಗ್ಗೆ ಅದನ್ನು ಮುಟ್ಟಿ ನೋಡಿ ಉಮ್ಮ ಒಂದೇ ಮಾತು ಹೇಳುತ್ತಿದ್ದರು: "ಹಾಸಿಗೆ ಮೊದಲು ಕಳಿಸಬೇಕಿತ್ತು ಮೋಳೆ. ನೀವು ಆಮೇಲೆ ಬಂದರೂ ಆಗ್ತಿತ್ತು."